ರೇನ್‌ಬೋ ಮೀನಿಗೆ ಬಣ್ಣ ಬರುವುದು ಜೊತೆಯವರಿಂದ

ಕೇಳುಗರೆಲ್ಲರಿಗೂ ನಮಸ್ಕಾರ.

ಅಕ್ವೇರಿಯಂ ಅಂಗಡಿಗೆ ಹೋದವರು ಸಾಮಾನ್ಯವಾಗಿ ಹೇಗೆ ಕೇಳುತ್ತಾರೆ ಗಮನಿಸಿದ್ದೀರಾ? "ಇದೊಂದು ಕೊಡಿ, ಅದೊಂದು ಕೊಡಿ, ಆ ಕೆಂಪಗಿರೋದು ಒಂದು ಜೊತೆ ಹಾಕಿ." ಬಣ್ಣ ನೋಡಿ ಆರಿಸುವುದು ನಮ್ಮ ಅಭ್ಯಾಸ. ಕೆಲವು ಮೀನುಗಳ ಮಟ್ಟಿಗೆ ಇದು ಹೇಗೋ ನಡೆದುಹೋಗುತ್ತದೆ. ರೇನ್‌ಬೋ ಮೀನಿನ ವಿಷಯದಲ್ಲಿ ಮಾತ್ರ ಈ ಲೆಕ್ಕ ಪೂರ್ತಿ ಕೈಕೊಡುತ್ತದೆ.

ಮೊದಲ ಕಾರಣ, ಅಂಗಡಿಯಲ್ಲಿ ರೇನ್‌ಬೋಗೆ ಬಣ್ಣವೇ ಇರುವುದಿಲ್ಲ. ಎರಡು ಇಂಚಿನ ಬೂದು ಬೆಳ್ಳಿ ಮರಿಗಳು ಒಂದು ಮೂಲೆಯಲ್ಲಿ ಸುಮ್ನೆ ತೇಲಾಡುತ್ತಿರುತ್ತವೆ. ಪಕ್ಕದ ತೊಟ್ಟಿಯಲ್ಲಿ ಗಪ್ಪಿಗಳು ಝಗಮಗ ಅನ್ನುತ್ತಿರುವಾಗ ಇವನ್ನು ಯಾರು ಕೇಳುತ್ತಾರೆ? ಆದರೆ ಇದೇ ಮರಿ ವರ್ಷದ ಹೊತ್ತಿಗೆ ಏನಾಗುತ್ತದೆ ಎಂದು ಗೊತ್ತಿದ್ದವರು ಅಲ್ಲೇ ನಿಂತುಬಿಡುತ್ತಾರೆ.

ಬೋಸ್‌ಮನಿ ರೇನ್‌ಬೋವನ್ನೇ ತೆಗೆದುಕೊಳ್ಳೋಣ. ಬಾನುಲಿಯಲ್ಲಿ ಬಣ್ಣ ತೋರಿಸಲು ಆಗುವುದಿಲ್ಲ, ಹೇಳಿಬಿಡುತ್ತೇನೆ. ಬೆಳೆದ ಗಂಡಿನ ಮುಂದಿನ ಅರ್ಧ ಮೈ ಉಕ್ಕಿನ ನೀಲಿ, ಹಿಂದಿನ ಅರ್ಧ ಕಿತ್ತಳೆ. ಹೆಣ್ಣಿನದು ಮಾಸಲು ಬೆಳ್ಳಿ, ಸ್ವಲ್ಪ ಹಳದಿ ಛಾಯೆ. ಈ ಮೀನಿನ ಊರು ಇಂಡೋನೇಷ್ಯಾದ ಪಶ್ಚಿಮ ಪಾಪುವಾ. ಅಲ್ಲಿ ಅಯಮಾರು ಎಂಬ ಸರೋವರಗಳಿವೆ. ಬೋಸ್‌ಮನ್ ಎಂಬ ಡಚ್ ಮೀನುತಜ್ಞರು 1950ರ ದಶಕದ ಮಧ್ಯದಲ್ಲಿ ಅಲ್ಲಿಂದ ಕೆಲವು ಮೀನು ಹಿಡಿದು ತಂದರು. ಅದಕ್ಕೆ ಬೋಸ್‌ಮನ್ ಅವರ ಹೆಸರಿಟ್ಟು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದ್ದು 1980ರಲ್ಲಿ, ಅಲೆನ್ ಮತ್ತು ಕ್ರಾಸ್ ಎಂಬಿಬ್ಬರು. ಅಲ್ಲಿಯವರೆಗೆ ಅದು ಕೆಡದಂತೆ ದ್ರಾವಣದಲ್ಲಿ ಮುಳುಗಿಸಿಟ್ಟ ಬಾಟಲಿಯೊಳಗಿನ ಮೀನು. ಬಾಟಲಿಯೊಳಗಿನ ಮೀನಿಗೆ ಬಣ್ಣ ಉಳಿಯುವುದಿಲ್ಲ.

ಜೀವಂತ ಮೀನು ಯುರೋಪ್ ತಲುಪಿದ ಮೇಲೆ ಬೇಡಿಕೆ ಹುಚ್ಚಾಪಟ್ಟೆ ಏರಿತು. 1980ರ ದಶಕದ ಕೊನೆಯ ಹೊತ್ತಿಗೆ ತಿಂಗಳಿಗೆ ಸುಮಾರು 60,000 ಬೋಸ್‌ಮನಿಗಳನ್ನು ಆ ಸರೋವರಗಳಿಂದ ಹಿಡಿಯುತ್ತಿದ್ದರು. ಎಲ್ಲವೂ ಗಂಡು! ಹೆಣ್ಣಿಗೆ ಬಣ್ಣವಿಲ್ಲ, ಬಣ್ಣವಿಲ್ಲದ್ದಕ್ಕೆ ಬೆಲೆಯಿಲ್ಲ. ಇವತ್ತು ಅದರ ಮೂಲ ನೆಲೆಯಲ್ಲಿ ಅದು ಅಳಿವಿನಂಚಿನ ಮೀನು. ನಮ್ಮ ಅಂಗಡಿಗಳಿಗೆ ಬರುವುದು ಹೆಚ್ಚಾಗಿ ಫಾರ್ಮ್‌ಗಳಲ್ಲಿ ಸಾಕಿದ ಮರಿ. ಹಾಗಿದ್ದರೂ ಗಂಡಿಗೇ ಬೇಡಿಕೆ ಎಂಬ ಚಾಳಿ ಹೋಗಿಲ್ಲ. ಕೊಳ್ಳುವವರು ಹೆಣ್ಣನ್ನು ನೋಡಿ, "ಇದಕ್ಕೆ ಬಣ್ಣ ಇಲ್ಲ, ಬೇಡ" ಅನ್ನುತ್ತಾರೆ. ಅವರು ಬೇಡ ಅಂದದ್ದು ಗಂಡಿನ ಬಣ್ಣವನ್ನೇ.

ಹೇಗೆ ಅಂತೀರಾ? ಎರಡನೇ ಕಾರಣ ಇದೇ. ರೇನ್‌ಬೋ ಗಂಡಿನ ಬಣ್ಣ ಯಾವಾಗಲೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನೋಡುವವರು ಇದ್ದಾಗ ಏರುತ್ತದೆ, ಇಲ್ಲದಿದ್ದಾಗ ಇಳಿಯುತ್ತದೆ. ನೋಡುವವರು ಅಂದರೆ ಸೋಫಾ ಮೇಲೆ ಕೂತ ನಾವಲ್ಲ, ಅದರದೇ ಜಾತಿಯ ಹೆಣ್ಣುಗಳು ಮತ್ತು ಎದುರಾಳಿ ಗಂಡುಗಳು. ಒಂಟಿ ಗಂಡನ್ನು ತಂದು ಬೇರೆ ಬೇರೆ ಮೀನುಗಳ ನಡುವೆ ಬಿಟ್ಟರೆ ಅದು ಬದುಕುತ್ತದೆ, ತಿನ್ನುತ್ತದೆ, ದಪ್ಪವೂ ಆಗುತ್ತದೆ. ಬಣ್ಣ ಮಾತ್ರ ಅರೆಬರೆ. ಸ್ವಲ್ಪ ಸದ್ದಾದರೆ ಫಿಲ್ಟರ್ ಹಿಂದೆ ಹೋಗಿ ಅಡಗಿಕೊಳ್ಳುತ್ತದೆ.

ಗುಂಪಿನಲ್ಲಿದ್ದಾಗ ನೋಡಬೇಕು. ಅದಕ್ಕೆ ಒಳ್ಳೆ ಹೊತ್ತು ಬೆಳಗಿನ ಜಾವ, ತೊಟ್ಟಿಗೆ ಬೆಳಕು ಬಿದ್ದ ಮೊದಲ ಸ್ವಲ್ಪ ಹೊತ್ತು. ಎರಡು ಗಂಡುಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಎಲ್ಲ ರೆಕ್ಕೆಗಳನ್ನೂ ಬಿಚ್ಚಿ ಮೈ ದೊಡ್ಡದು ಮಾಡಿಕೊಳ್ಳುತ್ತವೆ. ಒಂದರ ಸುತ್ತ ಒಂದು ಗಿರಗಿರ ತಿರುಗುತ್ತವೆ, ಆಮೇಲೆ ತೊಟ್ಟಿಯ ಉದ್ದಕ್ಕೂ ಓಟ. ಹೆಣ್ಣು ಹತ್ತಿರ ಬಂದರೆ ಗಂಡಿನ ಹಣೆಯಿಂದ ಬೆನ್ನಿನವರೆಗೆ ತಿಳಿ ಬಣ್ಣದ ಒಂದು ಪಟ್ಟಿ ಹೊತ್ತಿಕೊಳ್ಳುತ್ತದೆ. ಕ್ಷಣದಲ್ಲಿ ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಪಾಪುವಾ ನ್ಯೂಗಿನಿಯ ಕುಟುಬು ಸರೋವರದ ನೀಲಿ ರೇನ್‌ಬೋದಲ್ಲಿ ಈ ಪಟ್ಟಿ ಬಂಗಾರದ ಬಣ್ಣ. ಮೊದಲ ಸಲ ನೋಡಿದವರು ಜಗಳ ಶುರುವಾಯಿತು ಎಂದು ಗಾಬರಿಯಾಗುತ್ತಾರೆ. ಜಾತ್ರೆ ಕುಸ್ತಿಯಲ್ಲಿ ತೊಡೆ ತಟ್ಟುತ್ತಾರಲ್ಲ, ಹಾಗೆ ಇದು. ಸದ್ದು ಜಾಸ್ತಿ, ಪೆಟ್ಟು ಕಡಿಮೆ. ಎಲ್ಲೋ ಒಂದೆರಡು ಹುರುಪೆ ಉದುರಬಹುದು, ಅಷ್ಟೇ.

ಆದರೆ ಲೆಕ್ಕ ತಪ್ಪಿದರೆ ಇದೇ ಆಟ ಹಿಂಸೆಯಾಗುತ್ತದೆ. ಎರಡೇ ಗಂಡು ಇದ್ದರೆ ಸೋತದ್ದಕ್ಕೆ ದಿನವಿಡೀ ಓಡುವುದೇ ಕೆಲಸ. ಮೂರು ನಾಲ್ಕು ಗಂಡುಗಳಿದ್ದರೆ ಆ ಒತ್ತಡ ಹಂಚಿಹೋಗುತ್ತದೆ. ಒಂದೇ ಹೆಣ್ಣಿದ್ದರೆ ಅದಕ್ಕೆ ಉಸಿರಾಡಲೂ ಬಿಡುವಿಲ್ಲ. ಆದ್ದರಿಂದ ಗುಂಪು ಆರಕ್ಕಿಂತ ಕಡಿಮೆ ಬೇಡ, ಎಂಟು ಇದ್ದರೆ ಚೆನ್ನ. ಎಂಟರಲ್ಲಿ ಮೂರು ಗಂಡು, ಐದು ಹೆಣ್ಣು. ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ ನಿಜ. ಎಂಟೋ ಹತ್ತೋ ಒಟ್ಟಿಗೇ ತಂದರೆ ಎರಡೂ ಇರುತ್ತವೆ ಎಂದು ನಂಬಬಹುದು.

ಗುಂಪು ಅಂದರೆ ಬರೀ ಅಲಂಕಾರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ಕಲಮ್ ಬ್ರೌನ್ ಎಂಬ ವಿಜ್ಞಾನಿ ಅಲ್ಲಿನ ತೊರೆಗಳ ರೇನ್‌ಬೋಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ತೊಟ್ಟಿಯ ಒಂದು ತುದಿಯಿಂದ ಬಲೆಯೊಂದನ್ನು ಮೀನಿನ ಕಡೆಗೆ ಎಳೆದು ತರುವುದು. ಬಲೆಯಲ್ಲಿ ತಪ್ಪಿಸಿಕೊಳ್ಳಲು ಒಂದೇ ಕಿಂಡಿ. ನಾಲ್ಕೈದು ಸಲದಲ್ಲಿ ಮೀನುಗಳಿಗೆ ಕಿಂಡಿ ಎಲ್ಲಿದೆ ಎಂದು ತಿಳಿದುಹೋಯಿತು. ಐದರ ಗುಂಪು ಜೋಡಿ ಮೀನುಗಳಿಗಿಂತ ಬೇಗ ಪಾರಾಗುತ್ತಿತ್ತು. ಒಂದು ನುಗ್ಗಿದ ಕಡೆ ಉಳಿದವು ನುಗ್ಗುತ್ತವೆ. ಹನ್ನೊಂದು ತಿಂಗಳು ಬಿಟ್ಟು ಅದೇ ಬಲೆ ಇಳಿಸಿದರೂ ಅವು ದಾರಿ ಮರೆತಿರಲಿಲ್ಲ. ಮೀನಿಗೆ ಮೂರು ಸೆಕೆಂಡಿನ ನೆನಪು ಅನ್ನುತ್ತಾರಲ್ಲ, ಅವರಿಗೆ ಇದನ್ನು ಹೇಳಿ. 2013ರಲ್ಲಿ ಬ್ರೌನ್ ಮತ್ತು ಜೊತೆಗಾರರು ಇನ್ನೊಂದು ಸೋಜಿಗ ಕಂಡರು. ರೇನ್‌ಬೋಗಳಲ್ಲೂ ಎಡಗಣ್ಣಿನವು, ಬಲಗಣ್ಣಿನವು ಎಂದು ಇವೆಯಂತೆ. ಜೊತೆಯವರನ್ನು ಎಡಗಣ್ಣಿನಿಂದ ನೋಡಲು ಇಷ್ಟಪಡುವ ಮೀನು ಗುಂಪಿನ ಬಲಬದಿಯಲ್ಲಿ ಈಜುತ್ತದೆ. ಆಗ ಎಲ್ಲರೂ ಅದರ ಎಡಕ್ಕೆ ಬರುತ್ತಾರೆ. ಬಲಗಣ್ಣಿನದು ಎಡಬದಿಯಲ್ಲಿ. ಗುಂಪಿನಲ್ಲಿ ಅವಕ್ಕೆ ಜಾಗ ಗೊತ್ತುಮಾಡಿಕೊಂಡ ಹಾಗಾಯಿತು, ಅಲ್ವಾ?

ಈಗ ಜಾಗದ ಮಾತು. ಬೋಸ್‌ಮನಿ ಗಂಡು ನಾಲ್ಕು ಇಂಚಿನ ಹತ್ತಿರ ಬೆಳೆಯುತ್ತದೆ. ಇಂಡೋನೇಷ್ಯಾದ ಸೆಂಟಾನಿ ಸರೋವರದ ಕೆಂಪು ರೇನ್‌ಬೋ ಆರು ಇಂಚಿನವರೆಗೂ ಹೋಗಬಹುದು. ಇವಕ್ಕೆ ಎತ್ತರಕ್ಕಿಂತ ಉದ್ದ ಮುಖ್ಯ, ಓಡಲು ನೆಟ್ಟಗೆ ಜಾಗ ಬೇಕು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಅಂದರೆ ಸುಮಾರು 255 ಲೀಟರ್. ನೀರೇ ಕಾಲು ಟನ್ ತೂಗುತ್ತದೆ, ಹಳೇ ಟಿವಿ ಸ್ಟ್ಯಾಂಡ್ ಮೇಲೆ ಇಡುವ ಸಾಹಸ ಬೇಡ. ಇಷ್ಟರಲ್ಲಿ ಎಂಟು ಬೋಸ್‌ಮನಿ, ತಳದಲ್ಲಿ ಆರು ಕೋರಿಡೋರಾಸ್, ಪಾಚಿ ತಿನ್ನಲು ಒಂದು ಬ್ರಿಸಲ್‌ನೋಸ್ ಪ್ಲೆಕೊ ಆರಾಮಾಗಿ ಇರುತ್ತವೆ. ಅಂಗಡಿಯಲ್ಲಿ ಸಕ್ಕರ್ ಎಂದು ಕೊಡುವ ಮಾಮೂಲಿ ಮೀನು ತರಬೇಡಿ. ಅದು ಒಂದಡಿ ದಾಟಿ ಬೆಳೆಯುತ್ತದೆ. ಸಾಕಲಾಗದೆ ಜನ ಕೆರೆಗೆ ಬಿಟ್ಟು, ಈಗ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಅದು ಉಪದ್ರವವಾಗಿದೆ.

ಅಷ್ಟು ದೊಡ್ಡ ತೊಟ್ಟಿ ಇಲ್ಲದವರು ಬೇಸರ ಮಾಡಿಕೊಳ್ಳಬೇಕಿಲ್ಲ. ಇಂಡೋನೇಷ್ಯಾದ ಮಾಂಬೆರಾಮೊ ನದಿ ಕಡೆಯ ಪ್ರೆಕಾಕ್ಸ್ ಎಂಬ ಕುಳ್ಳ ರೇನ್‌ಬೋ ಸಾಮಾನ್ಯವಾಗಿ ಎರಡೂಕಾಲು ಇಂಚು ಮೀರುವುದಿಲ್ಲ. ಮೈ ಹೊಳೆಯುವ ನೀಲಿ, ರೆಕ್ಕೆಗೆ ಕೆಂಪು ಅಂಚು. ಮೂರಡಿ ತೊಟ್ಟಿಯಲ್ಲಿ ಎಂಟು ಹತ್ತು ಸಾಕಬಹುದು. ಎರಡಡಿಯದೇ ಇದ್ದರೆ ದಾರದಂಥ ಉದ್ದ ರೆಕ್ಕೆಯ ಥ್ರೆಡ್‌ಫಿನ್ ರೇನ್‌ಬೋ ತನ್ನಿ. ಅದರ ಬಾಯಿ ಸೂಜಿ ಮೊನೆಯಷ್ಟು, ಆಹಾರ ಪುಡಿ ಮಾಡಿ ಹಾಕಬೇಕು. ದಯವಿಟ್ಟು ಅದನ್ನು ಬೋಸ್‌ಮನಿ ಜೊತೆ ಬಿಡಬೇಡಿ. ಎರಡರ ಹೆಸರಲ್ಲೂ ರೇನ್‌ಬೋ ಇದೆ ಎಂಬ ಕಾರಣಕ್ಕೆ ಬಹಳ ಜನ ಬಿಡುತ್ತಾರೆ. ದೊಡ್ಡದು ಕಚ್ಚುವುದಿಲ್ಲ, ಆದರೆ ಊಟ ಪೂರ್ತಿ ಅದೇ ಮುಗಿಸುತ್ತದೆ.

ರೇನ್‌ಬೋ ಜೊತೆ ಯಾವ ಮೀನು ಹೊಂದುತ್ತದೆ ಎಂದು ನೋಡುವಾಗ ಇದೇ ಅಳತೆ: ಸ್ವಭಾವಕ್ಕಿಂತ ವೇಗ. ನೀವು ಪೆಲೆಟ್, ಅಂದರೆ ಗುಳಿಗೆಯಂಥ ಮೀನಿನ ಆಹಾರ ಹಾಕಿ ಮುಚ್ಚಳ ಹಾಕುವಷ್ಟರಲ್ಲಿ ಮೇಲ್ಭಾಗ ಖಾಲಿ. ನಿಧಾನಕ್ಕೆ ಬಂದು ಮೂಸಿ ನೋಡಿ ತಿನ್ನುವ ಡಿಸ್ಕಸ್ ಇಂಥ ಮನೆಯಲ್ಲಿ ಉಪವಾಸ ಬೀಳುತ್ತದೆ. ಫೈಟರ್ ಮೀನಿಗೂ ಈ ಗಲಾಟೆ ಆಗದು. ಬಾರ್ಬ್‌ಗಳು, ಚುರುಕಾದ ಟೆಟ್ರಾಗಳು, ಲೋಚ್‌ಗಳು ಸರಿಹೋಗುತ್ತವೆ. ನಮ್ಮದೇ ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್, ವ್ಯಾಪಾರದಲ್ಲಿ ಮಿಸ್ ಕೇರಳ ಅನ್ನುತ್ತಾರೆ, ವೇಗದಲ್ಲೂ ಗಾತ್ರದಲ್ಲೂ ಬೋಸ್‌ಮನಿಗೆ ಸರಿಸಾಟಿ. ಅದೂ ಅಳಿವಿನಂಚಿನದೇ. ಅದನ್ನು ಸಾಕಲು ಕಾನೂನಿನ ಒಪ್ಪಿಗೆ ಇದೆಯೇ ಎಂದು ವಿಚಾರಿಸದೆ ತರಬೇಡಿ.

ಬೇರೆ ಬೇರೆ ರೇನ್‌ಬೋಗಳನ್ನು ಬೆರೆಸಬಹುದೇ ಎಂಬುದು ಎಲ್ಲರ ಪ್ರಶ್ನೆ. ಅವು ಒಟ್ಟಿಗೆ ಗುಂಪು ಕಟ್ಟುತ್ತವೆ, ಜಗಳವಿಲ್ಲ. ತೊಂದರೆ ಬೇರೆ. ಹೆಣ್ಣುಗಳು ನೋಡಲು ಒಂದೇ ಥರ, ಜಾತಿಗಳು ಪರಸ್ಪರ ಕೂಡುತ್ತವೆ, ಹುಟ್ಟುವ ಮಿಶ್ರ ಮರಿಗೆ ಆ ಕಡೆಯ ಬಣ್ಣವೂ ಇಲ್ಲ, ಈ ಕಡೆಯದೂ ಇಲ್ಲ. ನನ್ನನ್ನು ಕೇಳಿದರೆ ಒಂದು ತೊಟ್ಟಿಗೆ ಒಂದೇ ಜಾತಿ. ಎರಡು ಬೇಕೇ ಬೇಕು ಅಂದರೆ ಎರಡಕ್ಕೂ ಅದರದರ ಪೂರ್ತಿ ಗುಂಪು ಇರಲಿ, ಮರಿಗಳನ್ನು ಯಾರಿಗೂ ಕೊಡಬೇಡಿ.

ನೀರಿನ ಬಗ್ಗೆ ಬೋಸ್‌ಮನಿ ಸಾಕುವವರಿಗೆ ಹೆಚ್ಚು ಚಿಂತೆಯಿಲ್ಲ. ಅಯಮಾರು ಸುಣ್ಣಕಲ್ಲಿನ ನೆಲ, ಅಲ್ಲಿನ ನೀರು ಗಡಸು. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಹೆದರಿ ಟೆಟ್ರಾ ಸಾಕುವುದನ್ನು ಬಿಟ್ಟವರಿಗೆ ಇದು ಸರಿಯಾದ ಮೀನು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕುವುದನ್ನು ಮರೆಯಬೇಡಿ. 24ರಿಂದ 27 ಡಿಗ್ರಿ ಶಾಖ ಸಾಕು, ಚಳಿಗಾಲದ ರಾತ್ರಿಗೆ ಹೀಟರ್ ಇರಲಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೊಟ್ಟಿಗೆ ಮುಚ್ಚಳ ಬೇಕೇ ಬೇಕು. ಗಂಡುಗಳು ಓಡಿಸಾಡುವ ಭರದಲ್ಲಿ ಹೊರಗೆ ಹಾರುತ್ತವೆ.

ಎಲ್ಲ ಹೊಂದಿಕೊಂಡ ಮೇಲೆ ಹೆಣ್ಣುಗಳು ದಿನವೂ ಬೆಳಗ್ಗೆ ಕೆಲವು ಮೊಟ್ಟೆ ಇಡುತ್ತವೆ. ಮೊಟ್ಟೆಗೆ ಅಂಟು ದಾರವಿರುತ್ತದೆ, ಜಾವಾ ಮಾಸ್ ಎಂಬ ಹಾವಸೆಯಂಥ ನೀರುಗಿಡಕ್ಕೆ ಅಂಟಿಕೊಳ್ಳುತ್ತದೆ. ಅಲ್ಲೇ ಬಿಟ್ಟರೆ ಅಪ್ಪ ಅಮ್ಮಂದಿರೇ ತಿಂದುಹಾಕುತ್ತಾರೆ. ಮರಿ ಬೇಕಿದ್ದರೆ ಆ ಮಾಸ್ ಗೊಂಚಲನ್ನೇ ಎತ್ತಿ, ಅದೇ ತೊಟ್ಟಿಯ ನೀರು ತುಂಬಿದ ಸಣ್ಣ ಡಬ್ಬಿಗೆ ಹಾಕಿಡಿ. ವಾರ ಹತ್ತು ದಿನದಲ್ಲಿ ಮರಿ ಒಡೆದು ನೀರಿನ ಮೇಲ್ಮೈಯಲ್ಲೇ ಈಜುತ್ತಿರುತ್ತವೆ. ಬಾಯಿ ತೀರಾ ಸಣ್ಣದು, ಮೊದಲ ವಾರ ಸೂಕ್ಷ್ಮ ಪಾಚಿ ತುಂಬಿದ ಹಸಿರು ನೀರು ಅಥವಾ ಅತಿ ನುಣುಪಾದ ಮರಿ ಆಹಾರವೇ ಆಗಬೇಕು. ಬೆಳವಣಿಗೆ ನಿಧಾನ. ಅಂಗಡಿಯಲ್ಲಿ ನೋಡಿದ ಆ ಬೂದು ಗಾತ್ರಕ್ಕೆ ಬರಲೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಅವಕ್ಕೊಂದು ಬೇರೆ ತೊಟ್ಟಿ ನೋಡಿಕೊಳ್ಳಿ.

ನಮಸ್ಕಾರ.