ತಾಮ್ರ ಮತ್ತು ಪಳಗಿದ ಕಾವಲಿ

[ದೃಶ್ಯ: ಉಡುಪಿಯ ಹಳೇ ಮನೆ. ಬಚ್ಚಲಿನಲ್ಲಿ ಹುಣಸೆಹುಳಿ ಹಾಕಿ ತಿಕ್ಕಿದ ಹಂಡೆ ಹೊಳೆಯುತ್ತಿದೆ.]

ನಮಸ್ಕಾರ. ಈ ಹಂಡೆಯ ತಾಮ್ರಕ್ಕೆ ಒಂದು ಅಪರೂಪದ ಕೆಲಸ ಗೊತ್ತು. ಕಾರ್ಬನ್ ಡೈಆಕ್ಸೈಡ್‌ನಿಂದ ಎಥಿಲೀನ್ ಮಾಡುವುದು. ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್ ಇದೆಯಲ್ಲ, ಅದು ತಯಾರಾಗುವುದು ಈ ಎಥಿಲೀನ್‌ನಿಂದಲೇ.

ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾದ ಜಾತಿಯ ಉಪ್ಪು, ಕರಗಿಸಿದ ನೀರು. ಅದರಲ್ಲಿ ತಾಮ್ರದ ತಗಡು. ಕಾರ್ಬನ್ ಡೈಆಕ್ಸೈಡ್ ಅನಿಲ ಹಾಯಿಸಿ, ಕರೆಂಟ್ ಕೊಡಬೇಕು. ಹೀಗೆ ಮೀಥೇನ್ ಬರುತ್ತದೆ ಎಂದು 1985ರಲ್ಲಿ ಜಪಾನಿನ ಯೋಶಿಯೋ ಹೋರಿ ಮತ್ತು ಸಂಗಡಿಗರು ತೋರಿಸಿದರು. ಮುಂದೆ ಎಥಿಲೀನ್ ಕೂಡ ಸಿಕ್ಕಿತು.

[ದೃಶ್ಯ: ಅಡುಗೆಮನೆ. ಕಾವಲಿಗೆ ನೀರುದೋಸೆ ಹಿಟ್ಟು ಹೊಯ್ಯುತ್ತಾರೆ.]

ತಾಮ್ರವೇ ಯಾಕೆ? ಈ ಕಾವಲಿ ನೋಡಿ. ಎಣ್ಣೆ ಜಾಸ್ತಿಯಾದರೆ ಹಿಟ್ಟು ಹಿಡಿಯುವುದಿಲ್ಲ, ಜಾರುತ್ತದೆ. ಪಳಗದಿದ್ದರೆ ದೋಸೆ ಏಳುವುದೇ ಇಲ್ಲ. ಲೋಹಗಳ ಕಥೆಯೂ ಹೀಗೇ. ಕಾರ್ಬನ್ ಡೈಆಕ್ಸೈಡ್ ಮೊದಲು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಚಿನ್ನ, ಬೆಳ್ಳಿ ಅದನ್ನು ಅಲ್ಲೇ ಬಿಟ್ಟುಬಿಡುತ್ತವೆ. ಪ್ಲಾಟಿನಂ, ನಿಕ್ಕಲ್ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆಮೇಲೆ ಅಲ್ಲಿ ಹೆಚ್ಚಾಗಿ ಹೊರಬರುವುದು ನೀರಿನ ಹೈಡ್ರೋಜನ್ ಮಾತ್ರ. ತಾಮ್ರ ಹಿಡಿಯುವುದು ಹದವಾಗಿ. ಅಷ್ಟು ಹೊತ್ತು ಸಿಕ್ಕರೆ ಪಕ್ಕಪಕ್ಕದ ಎರಡು ಕಾರ್ಬನ್‌ಗಳು ಕೈ ಹಿಡಿಯುತ್ತವೆ. ಹನ್ನೆರಡು ಎಲೆಕ್ಟ್ರಾನ್ ಸೇರಿದಾಗ ಒಂದು ಎಥಿಲೀನ್. ನನಗೆ ಇದು ಎಷ್ಟು ಸಲ ಓದಿದರೂ ಬೆರಗೇ!

ತೊಂದರೆಯೂ ಇದೆ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಒಂದೇ ತಾಮ್ರದಿಂದ 16 ಬಗೆಯ ವಸ್ತುಗಳನ್ನು ಎಣಿಸಿದರು. ಎಥನಾಲ್, ಮೀಥೇನ್, ಫಾರ್ಮಿಕ್ ಆಮ್ಲದ ಉಪ್ಪು, ಹೀಗೆ. ಎಲ್ಲ ಬೆರೆತರೆ ಬೇರೆ ಮಾಡುವುದಕ್ಕೇ ಖರ್ಚು, ಅಲ್ವಾ? ಅದಕ್ಕೇ ತಾಮ್ರದ ಮೈಯನ್ನೇ ತಿದ್ದುತ್ತಾರೆ. ಪರಮಾಣುಗಳು ಚೌಕಚೌಕವಾಗಿ ಕೂತ ಮೈಯಲ್ಲಿ ಎಥಿಲೀನ್ ಜಾಸ್ತಿ. ತ್ರಿಕೋನದ ಜೋಡಣೆಯಲ್ಲಿ ಮೀಥೇನ್ ಜಾಸ್ತಿ. ಆದರೆ ಕರೆಂಟ್ ಹರಿಯುತ್ತಿದ್ದಂತೆ ತಾಮ್ರದ ಮೈ ತಾನೇ ಬದಲಾಗುತ್ತದೆ. ಬೆಳಿಗ್ಗೆ ಜೋಡಿಸಿದ್ದು ಸಂಜೆ ಹಾಗೇ ಇರುತ್ತದೆ ಎಂಬ ಭರವಸೆ ಇಲ್ಲ.

[ದೃಶ್ಯ: ಪಡುಬಿದ್ರಿ ಕಡೆ ವಿದ್ಯುತ್ ಸ್ಥಾವರದ ಚಿಮಣಿ, ದೂರದಿಂದ.]

ಇಲ್ಲಿ 1200 ಮೆಗಾವ್ಯಾಟ್ ವಿದ್ಯುತ್ ತಯಾರಾಗುವುದು ಕಲ್ಲಿದ್ದಲಿನಿಂದ. ಇದೇ ಕರೆಂಟ್ ಕೊಟ್ಟು ಇದೇ ಚಿಮಣಿಯ ಕಾರ್ಬನ್ ಡೈಆಕ್ಸೈಡ್ ತಿರುಗಿಸಿದರೆ ಸುಮ್ನೆ ದಂಡ. ಎಥಿಲೀನ್ ಸುಟ್ಟಾಗ ಸಿಗುವುದಕ್ಕಿಂತ ಜಾಸ್ತಿ ಶಕ್ತಿ ಅದನ್ನು ಮಾಡುವುದಕ್ಕೇ ಬೇಕು. ಆ ಕರೆಂಟ್ ಬಿಸಿಲಿನಿಂದಲೋ ಗಾಳಿಯಿಂದಲೋ ಬರಬೇಕು.