ಮಸಲ್ ಕಾರುಗಳನ್ನು ಮುಗಿಸಿದ್ದು ಕಾನೂನಾ?

ಎಲ್ಲರಿಗೂ ನಮಸ್ಕಾರ.

ಹಳೆಯ ಅಮೆರಿಕನ್ ಮಸಲ್ ಕಾರುಗಳ, ಅಂದರೆ ಮಾಮೂಲಿ ಕಾರಿಗೆ ಭಾರೀ ಎಂಜಿನ್ ಕೂರಿಸಿದ ಗಾಡಿಗಳ ಮಾತು ಬಂದರೆ ಸಾಕು, ಒಂದು ದೂರು ಕೇಳಿಬರುತ್ತದೆ. "ಎಂಥಾ ಗಾಡಿಗಳಿದ್ದವು! ಸರ್ಕಾರ ಹೊಗೆಯ ಮೇಲೆ ರೂಲ್ಸ್ ತಂದು ಎಲ್ಲ ಹಾಳು ಮಾಡಿತು." ನನಗೂ ಈ ಕಾರುಗಳೆಂದರೆ ಪ್ರಾಣ. ದೊಡ್ಡ ವಿ8 ಎಂಜಿನ್ ಸ್ಟಾರ್ಟ್ ಆದರೆ ಎದೆಯೊಳಗೇ ಗುಡುಗಿದ ಹಾಗಾಗುತ್ತದೆ. ಆದರೆ ಆ ದೂರನ್ನು ನಾನು ಒಪ್ಪುವುದಿಲ್ಲ.

1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ (ಛಾವಣಿ ಮಡಚುವ ಕಾರು) ನೋಡಿ. 'ಹೆಮಿ' ಎಂಬ 7 ಲೀಟರ್ ಎಂಜಿನ್, 425 ಹಾರ್ಸ್‌ಪವರ್. ಆ ವರ್ಷ ತಯಾರಾದದ್ದು ಬರೀ 11. ಯಾವ ಕಾನೂನೂ ಅದನ್ನು 11ಕ್ಕೆ ನಿಲ್ಲಿಸಲಿಲ್ಲ. ಕೊಳ್ಳುವವರೇ ಇರಲಿಲ್ಲ! ಹೆಮಿ ಎಂಜಿನ್ ಬೇಕೆಂದರೆ 800 ಡಾಲರ್‌ಗಿಂತ ಜಾಸ್ತಿ ಹೆಚ್ಚುವರಿ ಕೊಡಬೇಕಿತ್ತು. ಅದರ ಮೇಲೆ ಇನ್ಶೂರೆನ್ಸ್. ಹುಡುಗ ಚಿಕ್ಕವನು, ಎಂಜಿನ್ ದೊಡ್ಡದು ಅಂದರೆ ಕಂಪನಿಗಳು ಪ್ರೀಮಿಯಂ ಏರಿಸಿಬಿಡುತ್ತಿದ್ದವು. ಈ ಕಾರುಗಳಿಗೆ ಆಸೆಪಟ್ಟವರೇ ಆ ವಯಸ್ಸಿನವರು. ಕಾರಿನ ಕಂತನ್ನು ಹೇಗೋ ಕಟ್ಟಿದರೂ ಪ್ರೀಮಿಯಂ ಕಟ್ಟಲು ಆಗುತ್ತಿರಲಿಲ್ಲ.

1970ರ ಸೂಪರ್‌ಬರ್ಡ್ ಕಥೆಯೂ ಹೀಗೇ. ಅಮೆರಿಕದ ನ್ಯಾಸ್ಕಾರ್ ಕಾರ್ ರೇಸಿಗಾಗಿ ಪ್ಲಿಮತ್ ಮಾಡಿದ, ಚೂಪು ಮೂತಿ, ಎತ್ತರದ ರೆಕ್ಕೆಯ ಕಾರು. ರೇಸಿಗೆ ಬಿಡಬೇಕಾದರೆ ಇಂತಿಷ್ಟು ಕಾರುಗಳನ್ನು ಜನರಿಗೂ ಮಾರಬೇಕು ಎಂಬ ನಿಯಮ ಇದ್ದದ್ದರಿಂದಲೇ ಅದು ರಸ್ತೆಗೆ ಬಂತು. ಎಷ್ಟೋ ಕಾರುಗಳು ಮಾರಾಟವಾಗದೆ ಶೋರೂಂಗಳಲ್ಲೇ ಉಳಿದವು. ಕೆಲವು ಡೀಲರುಗಳು ಮೂತಿ, ರೆಕ್ಕೆ ಬಿಚ್ಚಿ ಮಾಮೂಲಿ ಕಾರು ಮಾಡಿ ಸಾಗಹಾಕಿದರು.

ಪವರ್ ಒಂದೇ ಸಲ ಕುಸಿಯಿತು ಅನ್ನುತ್ತಾರಲ್ವಾ? ಅದರಲ್ಲಿ ದೊಡ್ಡ ಪಾಲು ಕಾಗದದ ಮೇಲಿನ ಲೆಕ್ಕ. ಮೊದಲು ಎಂಜಿನ್ನನ್ನು ಬಿಚ್ಚಿ ಸ್ಟ್ಯಾಂಡಿನ ಮೇಲಿಟ್ಟು, ಏರ್ ಫಿಲ್ಟರ್, ಸೈಲೆನ್ಸರ್ ಏನೂ ಇಲ್ಲದೆ ಅಳೆಯುತ್ತಿದ್ದರು. 1972ರಿಂದ ಕಾರಿನಲ್ಲಿ ಇರುವ ಹಾಗೇ ಎಲ್ಲ ಜೋಡಿಸಿ ಅಳೆಯತೊಡಗಿದರು. 1971ರ ಷೆವರ್ಲೆ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ 454 ಕ್ಯೂಬಿಕ್ ಇಂಚಿನ ಎಂಜಿನ್ ಹಳೆ ಲೆಕ್ಕದಲ್ಲಿ 365 ಹಾರ್ಸ್‌ಪವರ್, ಹೊಸ ಲೆಕ್ಕದಲ್ಲಿ 285. 1972ರಲ್ಲಿ ಅದು 270. ಅಂದರೆ ನಿಜವಾಗಿ ಇಳಿದದ್ದು 15, ಜನ ಅಂದುಕೊಂಡದ್ದು 95.

ಇನ್ನು ಹೊಗೆಯ ವಿಷಯ. ಲಾಸ್ ಏಂಜಲೀಸ್‌ನಲ್ಲಿ ಜನರ ಕಣ್ಣು ಉರಿಯುತ್ತಿತ್ತು, ಎದುರಿನ ಬೆಟ್ಟ ಕಾಣುತ್ತಿರಲಿಲ್ಲ. ಕಾರಿನ ಹೊಗೆಯ ಮೇಲೆ ಬಿಸಿಲು ಬಿದ್ದು ಆ ಸ್ಮಾಗ್ (ಹೊಗೆಮಂಜು) ಹುಟ್ಟುತ್ತದೆ ಎಂದು ವಿಜ್ಞಾನಿ ಹಾಗನ್-ಸ್ಮಿಟ್ 1950ರ ದಶಕದಲ್ಲೇ ತೋರಿಸಿದ್ದರು. 1970ರ ಕೊನೆಯ ದಿನ ಅಧ್ಯಕ್ಷ ನಿಕ್ಸನ್ ಕ್ಲೀನ್ ಏರ್ ಆ್ಯಕ್ಟ್‌ಗೆ ಸಹಿ ಹಾಕಿದರು. ಕೆಲವೇ ವರ್ಷಗಳಲ್ಲಿ ಹೊಸ ಕಾರುಗಳ ವಿಷದ ಹೊಗೆ 90% ಇಳಿಯಬೇಕು ಎಂದಿತು ಆ ಕಾನೂನು. ಆಗುವುದೇ ಇಲ್ಲ ಎಂದು ಕಂಪನಿಗಳು ಗಲಾಟೆ ಮಾಡಿದವು. 1975ಕ್ಕೆ ಹೊಗೆಯಲ್ಲಿನ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಆಗ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಸೀಸ ತಾಕಿದರೆ ಕನ್ವರ್ಟರ್ ಕೆಡುತ್ತದೆ, ಹಾಗಾಗಿ ಸೀಸವಿಲ್ಲದ ಪೆಟ್ರೋಲೂ ಬಂತು. ಮಕ್ಕಳ ರಕ್ತದಲ್ಲಿ ಸೀಸ ಇಳಿಯಿತು. ಇದನ್ನು ಹಾಳು ಮಾಡಿದ್ದು ಎಂದು ಹೇಗೆ ಹೇಳಲಿ?

ಆಮೇಲಿನ ಕಾರುಗಳು ಸಪ್ಪೆಯಾಗಿದ್ದವು, ಅದು ನಿಜ. 1975ರ ಸಾಮಾನ್ಯ ಕಾರ್ವೆಟ್ಟಿಗೆ 165 ಹಾರ್ಸ್‌ಪವರ್! ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. 1973ರ ತೈಲ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಕ್ಯೂ ಬೇರೆ. ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆ ಕಾರ್ಬ್ಯುರೇಟರ್ ನೆಚ್ಚಿಕೊಂಡು ಹೊಗೆ ಇಳಿಸಲು ಹೊರಟರೆ ಎಂಜಿನ್ ಉಸಿರುಗಟ್ಟುತ್ತಿತ್ತು. ಆದರೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್, ಕಂಪ್ಯೂಟರ್ ಬಂದ ಮೇಲೆ 1987ರ ಬ್ಯೂಕ್ ಜಿಎನ್‌ಎಕ್ಸ್ ನೋಡಿ. ಟರ್ಬೊ ವಿ6, 276 ಹಾರ್ಸ್‌ಪವರ್, ಮಾಡಿದ್ದು 547. ಕಾನೂನು ಪಾಲಿಸಿಯೇ ಅದು ಓಡಿತು. 2023ರ ಡಾಡ್ಜ್ ಡೀಮನ್ 170 ಅಂತೂ 1,025 ಹಾರ್ಸ್‌ಪವರ್ ಮುಟ್ಟಿತು.

ಇವತ್ತಿಗೂ ಈ ಹಳೆ ಗಾಡಿಗಳ ಮೇಲೆ ಕಾನೂನು ಕಟ್ಟುನಿಟ್ಟಾಗಿಲ್ಲ. ಹೊಗೆಯ ವಿಷಯದಲ್ಲಿ ಅತ್ಯಂತ ಬಿಗಿಯಾದ ಕ್ಯಾಲಿಫೋರ್ನಿಯಾದಲ್ಲೇ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇಲ್ಲ. ಅವನ್ನು ರಸ್ತೆಯಿಂದ ದೂರ ಇಟ್ಟಿರುವುದು ಬೆಲೆ. 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ ಆ 11ರಲ್ಲಿ ಒಂದು ಕುಡಾ 35 ಲಕ್ಷ ಡಾಲರ್‌ಗೆ ಹೋಯಿತು. ಅಷ್ಟು ಕೊಟ್ಟವರು ಅದನ್ನು ಓಡಿಸುತ್ತಾರಾ? ಓಡಿಸಿ ಸ್ವಾಮಿ, ದಯವಿಟ್ಟು ಓಡಿಸಿ. ಆ ಎಂಜಿನ್ ಮಾಡಿದ್ದು ಅದಕ್ಕೇ.