ಕೆಟ್ಟವನು, ಕೆಟ್ಟನು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಬಂದರಿನಲ್ಲಿ ಬಂಗುಡೆಯ ಕಿವಿರು ಬಿಡಿಸಿ ನೋಡಿ, "ಇದು ಕೆಟ್ಟಿದೆ" ಎಂದು ಬುಟ್ಟಿಗೇ ಹಾಕುತ್ತೇವೆ. ಮನೆಗೆ ಬಂದು ಯಾರದೋ ಸುದ್ದಿ ಎತ್ತಿ, "ಅವ ಕೆಟ್ಟ ಜನ ಮಾರಾಯ್ರೆ" ಎನ್ನುತ್ತೇವೆ. ಮೀನಿಗೂ ಮನುಷ್ಯನಿಗೂ ಒಂದೇ ಮಾತು.

ಬಾದಾಮಿಯಲ್ಲಿ ಕಪ್ಪೆ ಅರಭಟ್ಟ ಎಂಬ ವೀರನ ಶಾಸನವಿದೆ. ಸುಮಾರು 1,300 ವರ್ಷ ಹಳೆಯದು. ನಮಗೆ ಸಿಕ್ಕಿರುವ ಬಹಳ ಹಳೆಯ ತ್ರಿಪದಿಗಳು ಅದರಲ್ಲಿವೆ. ಕಟ್ಟಿಹಾಕಿದ ಸಿಂಹವನ್ನು ಬಿಚ್ಚಿ ಬಿಟ್ಟವರ ಹಾಗೆ ಆ ವೀರನ ಶತ್ರುಗಳು "ಕೆಟ್ಟರ್ ಮೇಣ್ ಸತ್ತರ್" ಎನ್ನುತ್ತದೆ ಶಾಸನ. ಇಲ್ಲಿ ಕೆಟ್ಟರ್ ಎಂದರೆ ದುಷ್ಟರಾದರು ಅಂತಲ್ಲ. ಹಾಳಾದರು, ಅಷ್ಟೆ.

ದುಷ್ಟತನಕ್ಕೆ ಅದೇ ಶಾಸನದಲ್ಲಿ ಬೇರೆ ಮಾತಿದೆ: "ಪೊಲ್ಲದು". "ಒಳ್ಳಿತ್ತ ಕೆಯ್ವೊರಾರ್ ಪೊಲ್ಲದುಮದರಂತೆ" ಎಂಬ ಸಾಲಿನಲ್ಲಿ ಒಳ್ಳಿತ್ತಿಗೆ ಎದುರಾಗಿ ಅದು ನಿಂತಿದೆ. ಪುಲಿ ಹುಲಿಯಾದ ಹಾಗೆ ಪೊಲ್ಲ ಹೊಲ್ಲವಾಯಿತು. ಹುಲಿ ಉಳಿಯಿತು, ಹೊಲ್ಲ ಮಾಯವಾಯಿತು! ಈಗ ಅದನ್ನು ಹುಡುಕಲು 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ಕಿಟ್ಟೆಲ್ಲರ ನಿಘಂಟು ತೆರೆಯಬೇಕು. ತಮಿಳರು ಮಾತ್ರ ತುಂಟ ಮಗುವನ್ನೂ "ಪೊಲ್ಲಾದ" ಪಿಳ್ಳೆ ಎಂದು ಇವತ್ತಿಗೂ ಗದರುತ್ತಾರೆ.

ಹೊಲ್ಲ ಬಿಟ್ಟುಹೋದ ಜಾಗದಲ್ಲಿ ಕೆಟ್ಟ ಬಂದು ಕೂತಿತು ಎಂದು ನನ್ನ ಎಣಿಕೆ. ಆದರೆ ಅದರ ಹಳೆಯ ವಾಸನೆ ಹೋಗಿಲ್ಲ. ನಾಚಿಕೆಗೇಡಿ ಎಂದರೆ ನಾಚಿಕೆ ಕೆಟ್ಟವನು, ಹೊಣೆಗೇಡಿ ಎಂದರೆ ಹೊಣೆ ಕೆಟ್ಟವನು. ಒಂದು ಕಾಲದಲ್ಲಿ ಅದು ಇತ್ತು ಎಂಬ ಒಪ್ಪಿಗೆ ಆ ಬೈಗುಳದ ಒಳಗೇ ಇದೆ. ಇನ್ನು "ಕೆಟ್ಟು ಪಟ್ಟಣ ಸೇರು" ಎಂಬ ಗಾದೆ. ಗದ್ದೆ ಕೈಬಿಟ್ಟು, ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯಲು ಹೋದ ಉಡುಪಿ ಕಡೆಯ ಹುಡುಗರನ್ನು ದುಷ್ಟರು ಎಂದವರುಂಟೇ? ಅವರು ಕೆಟ್ಟಿದ್ದರು, ಕೆಟ್ಟವರಾಗಿರಲಿಲ್ಲ.

ಯಕ್ಷಗಾನದಲ್ಲಿ ಬೈಯುವುದಕ್ಕೆ ದುರುಳ, ಖೂಳ, ನೀಚ ಎಲ್ಲ ಇವೆ. ಚೆಂಡೆಯ ಸದ್ದಿಗೆ ಅವು ಹೊಂದುತ್ತವೆ ಕೂಡ. ಆದರೆ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಎಲ್ಲವೂ ಮಾತಿನಲ್ಲೇ ಆಗಬೇಕು. ಗದಾಪರ್ವದ ಕೌರವ ಕೊಳದಿಂದ ಎದ್ದು ಬರುತ್ತಾನೆ. ತಮ್ಮಂದಿರಿಲ್ಲ, ಕರ್ಣನಿಲ್ಲ, ಸೇನೆಯಿಲ್ಲ. ಕೌರವ ಕೆಟ್ಟವನು ಎನ್ನುವುದು ಸಭೆಗೆ ಮೊದಲೇ ಗೊತ್ತು. ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವ ಕಲಾವಿದ, ಬೆಳಗಿನ ಜಾವದವರೆಗೆ ಕೂತು ಹೇಳುವುದು ಇನ್ನೊಂದನ್ನು: ಕೌರವ ಕೆಟ್ಟನು.

ನಮಸ್ಕಾರ.